ಲಂಚ ಬಂಡಿಯ ಕೀಲೆಣ್ಣೆಯೇ?

ಪ್ರಶ್ನೆ: ಲಂಚ ಕೊಟ್ಟರೆ ಕೆಲಸ ಬೇಗ ಆಗುತ್ತದೆ. ಇಷ್ಟೆಲ್ಲ ಲಂಚದ ನಡುವೆಯೂ ಬೆಂಗಳೂರು ಬೆಳೆದಿದೆ. ಅದನ್ನು ಬಂಡಿಯ ಕೀಲೆಣ್ಣೆ ಅಂದುಕೊಂಡು ಸುಮ್ನೆ ಇರಬಾರದಾ?
– ಒಬ್ಬ ಓದುಗ, ರಾಜಾಜಿನಗರ

ಉತ್ತರ: ಈ ಕೀಲೆಣ್ಣೆ ಮಾತನ್ನು 1960ರ ದಶಕದಲ್ಲಿ ದೊಡ್ಡ ದೊಡ್ಡ ಪಂಡಿತರೇ ಆಡಿದ್ದರು. ನಾನು ಪಂಡಿತನಲ್ಲ, ಪೀಣ್ಯದಲ್ಲಿ ಲೆಕ್ಕ ಬರೆದವನು.

22 ವರ್ಷ ಒಂದು ಲೇತ್ ವರ್ಕ್‌ಶಾಪಿನ ಲೆಡ್ಜರ್ ನನ್ನ ಕೈಯಲ್ಲಿತ್ತು. ಅದರಲ್ಲಿ 'ಟೀ-ಕಾಫಿ' ಅಂತ ಒಂದು ಬಾಬ್ತು. ಇದ್ದದ್ದು ಆರು ಜನ. ಒಂದು ತಿಂಗಳು ಆ ಬಾಬ್ತು ಶೆಡ್ಡಿನ ಬಾಡಿಗೆಯನ್ನೂ ಮೀರಿತ್ತು! ಕೊಡುವ ದುಡ್ಡಿಗಿಂತ, ಮುಂದೆ ಯಾರು, ಯಾವಾಗ, ಎಷ್ಟು ಕೇಳುತ್ತಾರೋ ಅನ್ನುವ ದಿಗಿಲೇ ಯಜಮಾನರಿಗೆ ಜಾಸ್ತಿ. ಒಮ್ಮೆ ಹೊಸ ಮಷೀನಿಗೆ ಅಡ್ವಾನ್ಸ್ ಚೆಕ್ ಬರೆದರು. ಮಷೀನು ಬಂದರೆ ಕರೆಂಟ್ ಲೋಡ್ ಹೆಚ್ಚಿಸಬೇಕು, ಅಂದರೆ ಇನ್ನೊಂದು ಸುತ್ತು ಓಡಾಟ. "ಬೇಡ ಬಿಡಿ ರಾಯರೇ, ಇರೋದೇ ಸಾಕು" ಅಂತ ನನ್ನೆದುರೇ ಚೆಕ್ ಹರಿದರು. ಆ ಮಷೀನು ಓಡಿಸಬೇಕಿದ್ದ ಇಬ್ಬರು ಹುಡುಗರ ಸಂಬಳ ಯಾವ ಲೆಡ್ಜರಿಗೂ ಬರಲಿಲ್ಲ. ಪಾವೊಲೊ ಮೌರೊ ಎಂಬ ಅರ್ಥಶಾಸ್ತ್ರಜ್ಞರು 1995ರಲ್ಲಿ ಹಲವು ದೇಶಗಳ ಅಂಕಿಅಂಶ ಜಾಲಾಡಿ ಹೇಳಿದ್ದೂ ಹೆಚ್ಚುಕಡಿಮೆ ಇದೇ: ಲಂಚ ಜಾಸ್ತಿ ಇರುವ ಕಡೆ ಬಂಡವಾಳ ಹೂಡುವವರು ಕಡಿಮೆ.

ಇನ್ನು ಬೇಗ ಆಗುವ ಮಾತು. ಎಣ್ಣೆ ಸಿಗುತ್ತದೆ ಅಂತಲೇ ಗಾಲಿಗೆ ಕಲ್ಲು ಕೊಡುವವರಿದ್ದಾರಲ್ಲ! ಬೆಳೆಸಾಲಕ್ಕೆ ಪಹಣಿ ಬೇಕಾದಾಗ ನಮ್ಮಪ್ಪ ತೆಂಗಿನಕಾಯಿ ಚೀಲ ಹೊತ್ತು ಮೂರು ಸಲ ಅಲೆಯುತ್ತಿದ್ದರು. 2001ರ ಹೊತ್ತಿಗೆ 'ಭೂಮಿ' ಯೋಜನೆ ಬಂತು. ಕಂಪ್ಯೂಟರಿನಲ್ಲಿ ಅಚ್ಚಾದ ಪಹಣಿ, 15 ರೂಪಾಯಿ. ಅಪ್ಪ ಆ ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿದರು, ಏನೋ ಮೋಸ ಇರಬೇಕು ಅಂತ.

ಹಾಗಂತ ಲಂಚಕ್ಕೆ ಕಡಿವಾಣ ಬಿದ್ದ ಮರುದಿನವೇ ದುಡ್ಡು ಸುರಿಯುವುದಿಲ್ಲ. 2011ರಲ್ಲಿ ಅಕ್ರಮ ಗಣಿಗಾರಿಕೆಯನ್ನೂ ಅದರ ಹಿಂದಿನ ಲಂಚವನ್ನೂ ಬಯಲಿಗೆಳೆದ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂತು. ಅದೇ ಹೊತ್ತಿಗೆ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಲಾರಿಗಳು ನಿಂತವು, ಅವುಗಳ ಸಾಲದ ಕಂತು ನಿಲ್ಲಲಿಲ್ಲ. 2012-13ರಲ್ಲಿ ಕೋರ್ಟ್ ಹಂತಹಂತವಾಗಿ ಕೆಲವು ಗಣಿಗಳಿಗೆ ಮತ್ತೆ ಒಪ್ಪಿಗೆ ಕೊಡುವವರೆಗೂ ಆ ಕಡೆಯ ಜನರ ಪಾಡು ಕಷ್ಟದ್ದೇ. ಇದನ್ನು ಮುಚ್ಚಿಟ್ಟು ಮಾತಾಡುವುದು ನನಗೆ ಸರಿ ಕಾಣುವುದಿಲ್ಲ. ಆಗ ನಮ್ಮ ವರ್ಕ್‌ಶಾಪಿಗೂ ಲಾರಿ ಬಿಡಿಭಾಗಗಳ ಆರ್ಡರ್ ಅರ್ಧಕ್ಕೆ ಇಳಿದಿತ್ತು. ಟೀ-ಕಾಫಿ ಮಾತ್ರ ಇಳಿಯಲಿಲ್ಲ.