ಬದುವಿಲ್ಲದ ಹೊಲಗಳ ಊರು

ಪ್ರಶ್ನೆ: ನಾಟಿಂಗ್‌ಹ್ಯಾಮ್‌ನಲ್ಲಿ ಓದುತ್ತಿರುವ ನನ್ನ ಮಗಳು, ಅದೇ ಜಿಲ್ಲೆಯ ಲ್ಯಾಕ್ಸ್‌ಟನ್ ಎಂಬ ಹಳ್ಳಿಯಲ್ಲಿ ಹೊಲಗಳ ನಡುವೆ ಬೇಲಿಯಾಗಲಿ ಬದುವಾಗಲಿ ಇಲ್ಲವೆಂದು ಫೋನಿನಲ್ಲಿ ಹೇಳಿದಳು. ನಮ್ಮಲ್ಲಿ ಒಂದು ಗೇಣು ಬದು ಒತ್ತಿದರೂ ಅಣ್ಣತಮ್ಮಂದಿರು ಕೋರ್ಟು ಹತ್ತುತ್ತಾರೆ. ಅಲ್ಲಿ ಹೇಗೆ ನಡೆಯುತ್ತದೆ?
– ಓದುಗರೊಬ್ಬರು, ಚಿಂಚೋಳಿ ತಾಲ್ಲೂಕು, ಕಲಬುರಗಿ ಜಿಲ್ಲೆ

ಉತ್ತರ: ಅಲ್ಲಿಯೂ ಕೋರ್ಟಿದೆ, ಆದರೆ ಅದು ಊರೊಳಗಿನ ಡವ್‌ಕೋಟ್ ಎಂಬ ಪಬ್ಬಿನಲ್ಲಿ ಕೂಡುತ್ತದೆ.

ಊರ ಸುತ್ತ ಸೌತ್, ವೆಸ್ಟ್ ಮತ್ತು ಮಿಲ್ ಎಂಬ ಮೂರು ದೊಡ್ಡ ಬಯಲುಗಳಿದ್ದು, ಪ್ರತಿಯೊಂದರಲ್ಲೂ ರೈತರಿಗೆ ಉದ್ದನೆಯ ಪಟ್ಟಿಗಳು ಹಂಚಿಹೋಗಿವೆ. ನಮ್ಮಲ್ಲಿ ಪಾಲು ಮಾಡುವಾಗ ಎರೆಯಲ್ಲಿ ಒಂದಿಷ್ಟು, ಮಸಾರಿಯಲ್ಲಿ ಒಂದಿಷ್ಟು ಎಂದು ಪ್ರತಿಯೊಬ್ಬರಿಗೂ ಕೊಡುತ್ತೇವಲ್ಲ, ಆ ಹಂಚಿಕೆಯನ್ನು ನೆನೆದರೆ ಇದು ಕೂಡಲೇ ತಿಳಿಯುತ್ತದೆ. ಒಂದು ಬಯಲಿಗೆ ಚಳಿಗಾಲದ ಗೋಧಿ, ಇನ್ನೊಂದಕ್ಕೆ ವಸಂತದ ಬಿತ್ತನೆ, ಮೂರನೆಯದಕ್ಕೆ ಬೀಳು. ಮರುವರ್ಷ ಸರದಿ ಬದಲಾಗುತ್ತದೆ.

ನವೆಂಬರ್ ಕೊನೆಯ ಹೊತ್ತಿಗೆ ರೈತರಿಂದಲೇ ಆಯ್ದ ಪಂಚರು ಗೋಧಿ ಬಿತ್ತಿದ ಬಯಲನ್ನು ಸುತ್ತಿ, ಪಟ್ಟಿಗಳ ಗಡಿಗೆ ಮರದ ಗೂಟ ಬಡಿಯುತ್ತಾರೆ. ಯಾರ ನೇಗಿಲು ದಾರಿಯನ್ನೋ ಊರಿಗೆ ಸೇರಿದ ಹುಲ್ಲುಗಾವಲನ್ನೋ ಒತ್ತಿದೆ ಎಂಬುದನ್ನು ಗುರುತು ಹಾಕಿಕೊಂಡು, ಮುಂದಿನ ವಾರದ ಕೋರ್ಟಿನಲ್ಲಿ ದಂಡ ವಿಧಿಸುತ್ತಾರೆ. ದಂಡದ ಮೊತ್ತ ಅಲ್ಪ. ಆದರೆ ನೆರೆಯವರೆಲ್ಲ ಕೂತ ಸಭೆಯಲ್ಲಿ ಒತ್ತುವರಿ ಬಯಲಾಗುವುದಿದೆಯಲ್ಲ, ನನ್ನ ಎಣಿಕೆಯಲ್ಲಿ ನಿಜವಾದ ದಂಡ ಅದೇ.

ಇಂಗ್ಲೆಂಡಿನ ಬೇರೆಡೆ 18 ಮತ್ತು 19ನೇ ಶತಮಾನಗಳಲ್ಲಿ ಇಂಥ ಬಯಲುಗಳನ್ನು ಒಡೆದು ಬೇಲಿ ಹಾಕಲಾಯಿತು. ಅನೇಕ ರೈತರು ಊರು ಬಿಟ್ಟು ತಮ್ಮ ಹೊಲದ ನಡುವೆಯೇ ಮನೆ ಕಟ್ಟಿಕೊಂಡರು. ಲ್ಯಾಕ್ಸ್‌ಟನ್‌ನಲ್ಲಿ ಜಮೀನು ಹೊಂದಿದ್ದ ಇಬ್ಬರು ದೊಡ್ಡ ಧಣಿಗಳು ಅದಲುಬದಲಿಗೆ ಒಪ್ಪದ ಕಾರಣ ಬಯಲುಗಳು ಉಳಿದುಕೊಂಡವು. ಜಗಳ ಊರನ್ನು ಉಳಿಸಿದ್ದು ಅಪರೂಪವೇ! ಇಂದಿಗೂ ಅಲ್ಲಿ ರೈತರ ಮನೆಗಳು ಬೀದಿಯ ಅಂಚಿನಲ್ಲಿವೆ. ಹೊಲಕ್ಕೆ ನಮ್ಮವರ ಹಾಗೆ ಊರಿಂದಲೇ ಹೋಗಿಬರುತ್ತಾರೆ. ಆದರೆ ಎಲ್ಲವೂ ಹಳೆಯದೇ ಎಂದು ಭಾವಿಸಬಾರದು: 20ನೇ ಶತಮಾನದ ಆರಂಭದಲ್ಲಿ ಚಿಕ್ಕ ಪಟ್ಟಿಗಳನ್ನು ಕೂಡಿಸಿ ದೊಡ್ಡದು ಮಾಡಲಾಯಿತು, ಎತ್ತು ಕುದುರೆಗಳ ಜಾಗಕ್ಕೆ ಟ್ರ್ಯಾಕ್ಟರ್ ಬಂತು, 1952ರಲ್ಲಿ ಸರ್ಕಾರದ ಕೃಷಿ ಇಲಾಖೆಯು ಜಮೀನನ್ನು ಕೊಂಡು ಪದ್ಧತಿಯನ್ನು ಕಾಪಾಡಿತು.

ಈ ಪಟ್ಟಿಗಳನ್ನು ಒಂದೊಂದಾಗಿ ಗುರುತಿಸಿದ 1635ರ ನಕ್ಷೆಯೊಂದು ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿದೆ. ಮಾರ್ಕ್ ಪಿಯರ್ಸ್ ತಯಾರಿಸಿದ ಆ ನಕ್ಷೆಯಲ್ಲಿ ಉಳುವವರ, ಕೊಯ್ಯುವವರ ಪುಟ್ಟ ಚಿತ್ರಗಳೂ ಇವೆ. ಪೋಡಿ ನಕ್ಷೆಯನ್ನೇ ನೋಡಿ ಬೇಸತ್ತ ನಮ್ಮ ಕಣ್ಣಿಗೆ ಅದೊಂದು ಹಬ್ಬ.

ತಮ್ಮ ಮಗಳು ಊರಿನ ಉತ್ತರಕ್ಕಿರುವ ನಾರ್ಮನ್ ಕೋಟೆಯ ಮಣ್ಣಿನ ದಿಬ್ಬವನ್ನು ಯಾವಾಗ ಬೇಕಾದರೂ ನೋಡಬಹುದು. ಗೂಟ ಬಡಿಯುವುದನ್ನು ನೋಡಬೇಕೆಂದರೆ ಮಾತ್ರ ನವೆಂಬರ್ ಕೊನೆಗೆ, ಕೆಸರಿಗೆ ತಕ್ಕ ಬೂಟು ಹಾಕಿಕೊಂಡು ಹೋಗಲು ಹೇಳಿ.