ನಟಿಯ ಬದುಕೆಲ್ಲ ಇದೆ, ನಟನೆಯೇ ಇಲ್ಲ

ಪ್ರಶ್ನೆ: ಹಳೆಯ ಕಾಲದ ದೊಡ್ಡ ನಟಿಯೊಬ್ಬರ ಬಯೋಪಿಕ್ ನೋಡಿದೆವು. ಸೆಟ್ಟು, ಸೀರೆ, ಒಡವೆ ಎಲ್ಲ ಭರ್ಜರಿ. ಆದರೂ ಆಕೆ ಮನಸ್ಸಿಗೆ ಹತ್ತಲಿಲ್ಲ. ಎಡವಿದ್ದೆಲ್ಲಿ?
– ಓದುಗರು, ಡೊಂಬಿವಲಿ

ಉತ್ತರ: ಲೆಕ್ಕ ಹಾಕಿ ನೋಡಿ. 50 ವರ್ಷದ ಬದುಕು, 150 ನಿಮಿಷದ ಚಿತ್ರ. ಹಾಡುಗಳಿಗೆ 25 ನಿಮಿಷ ಹೋದರೆ ವರ್ಷಕ್ಕೆ ಸಿಗುವುದು ಎರಡೂವರೆ ನಿಮಿಷ. ಮದುವೆ, ಕುಡಿತ, ಸಾಲ ಎಲ್ಲವೂ ಬಂದು ಹಾಜರಿ ಹಾಕಿ ಹೋಗುತ್ತವೆ. ಕತ್ತರಿ ಬೀಳುವುದು ಕೆಲಸದ ಮೇಲೆ: ನಿಲ್ಲಬೇಕಾದ ಜಾಗಕ್ಕೆ ನೆಲದಲ್ಲಿ ಹಾಕಿದ ಗುರುತು ನೋಡದೆಯೇ ಅದರ ಮೇಲೆ ನಿಂತು ಮುಖಕ್ಕೆ ಬೆಳಕು ಹಿಡಿಯುವುದು, ಪ್ಲೇಬ್ಯಾಕಿಗೆ ತುಟಿಯಷ್ಟೇ ಅಲ್ಲ, ಉಸಿರನ್ನೂ ಹೊಂದಿಸುವುದು. ಆಕೆ ದೊಡ್ಡ ನಟಿಯಾದದ್ದು ಇದರಿಂದಲೇ ತಾನೆ?

ಎರಡನೆಯದು ಮನೆಯವರ ಒಪ್ಪಿಗೆ. ಸಾರ್ವಜನಿಕ ದಾಖಲೆಯಲ್ಲಿರುವುದನ್ನು ಒಪ್ಪಿಗೆಯಿಲ್ಲದೆಯೂ ಬರೆಯಬಹುದೆಂದು ಸುಪ್ರೀಂ ಕೋರ್ಟ್ 1994ರ ಆಟೋ ಶಂಕರ್ ಎಂಬ ಕೊಲೆ ಅಪರಾಧಿಯ ಆತ್ಮಕಥೆಯ ಪ್ರಕರಣದಲ್ಲೇ ಹೇಳಿದೆ. ಆದರೂ ಕೇಸಿನ ಭಯಕ್ಕೆ ನಿರ್ಮಾಪಕರು ಸಹಿ ಹಾಕಿಸಿಕೊಳ್ಳುತ್ತಾರೆ. ಸಹಿ ಬಿದ್ದ ಮೇಲೆ ಜಗಳಗಳೆಲ್ಲ ಸ್ಕ್ರಿಪ್ಟಿನಿಂದ ಮಾಯ!

ಇನ್ನು ಆ ಕಪ್ಪುಬಿಳುಪು ದೃಶ್ಯಗಳು. ಕಲರ್‌ನಲ್ಲಿ ತೆಗೆದು ಆಮೇಲೆ ಬಣ್ಣ ಇಳಿಸಿದರೆ ಕೆಂಪು ಸೀರೆ, ಹಸಿರು ರವಿಕೆ ಎರಡೂ ಒಂದೇ ಬೂದಿಬಣ್ಣಕ್ಕೆ ತಿರುಗಬಹುದು. ಹಿಂದಿನವರು ಬಟ್ಟೆ ಆರಿಸುವಾಗಲೇ ಅದು ಪರದೆಯ ಮೇಲೆ ಎಷ್ಟು ಕಪ್ಪಾಗುತ್ತದೆಂದು ನೋಡುತ್ತಿದ್ದರು. ಕೆನ್ನೆಗೆ ಅಂಟಿಸುವ ಪ್ರಾಸ್ಥೆಟಿಕ್, ಅಂದರೆ ಕೃತಕ ಚರ್ಮ, ದಪ್ಪವಾದರೆ ಇನ್ನೂ ಕಷ್ಟ. ನಕ್ಕಾಗ ಬಾಯಿ ಅಲುಗುತ್ತದೆ, ಕಣ್ಣಿನ ಕೆಳಗಿನ ಚರ್ಮ ಅಲುಗುವುದಿಲ್ಲ. ಕ್ಲೋಸಪ್ಪಿನಲ್ಲಿ ಗೊಂಬೆಯ ಮುಖ.

ಪ್ರಶ್ನೆ: ಹಾಗಾದರೆ ಚೆನ್ನಾಗಿ ಬಂದದ್ದು ಯಾವುದು? ನಟಿಯರ ನಿಜಸಂಗತಿ ತಿಳಿಯಲು ಎಲ್ಲಿ ಹುಡುಕಬೇಕು?
– ಓದುಗರು, ಕೋಥ್ರೂಡ್, ಪುಣೆ

ಉತ್ತರ: 1977ರ ‘ಭೂಮಿಕಾ’ ನೋಡಿ. ಮರಾಠಿ ನಟಿ ಹಂಸಾ ವಾಡಕರ್ ಆತ್ಮಕಥೆ ಅದಕ್ಕೆ ಆಧಾರ. ನಿರ್ದೇಶನ ಶ್ಯಾಮ್ ಬೆನೆಗಲ್. ಚಿತ್ರಕಥೆಯಲ್ಲಿ ನಮ್ಮ ಗಿರೀಶ ಕಾರ್ನಾಡರ ಕೈಯೂ ಇದೆ, ಅದಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು. ನಾಯಕಿಯ ಹೆಸರನ್ನು ಉಷಾ ಎಂದು ಬದಲಿಸಿಕೊಂಡದ್ದು ಜಾಣತನ, ಕಥೆಗೆ ಕೈಕಾಲು ಆಡಿಸಲು ಜಾಗ ಸಿಕ್ಕಿತು. ನಿಮ್ಮ ಪುಣೆಯಲ್ಲೇ ಹುಟ್ಟಿದ ಸ್ಮಿತಾ ಪಾಟೀಲ್ ಆ ಪಾತ್ರ ಮಾಡಿದಾಗ ಇಪ್ಪತ್ತೆರಡರ ಆಸುಪಾಸು. ಪ್ರಾಸ್ಥೆಟಿಕ್ಕಿನ ಹಂಗಿಲ್ಲದೆ ವಯಸ್ಸನ್ನು ನಡಿಗೆಯಲ್ಲಿ, ದನಿಯಲ್ಲಿ ತಂದರು.

ಹುಡುಕಾಟಕ್ಕೆ ನೀವು ದೂರ ಹೋಗಬೇಕಿಲ್ಲ. ಲಾ ಕಾಲೇಜ್ ರಸ್ತೆಯಲ್ಲಿ 1964ರಲ್ಲಿ ಶುರುವಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವಿದೆ. ಅಲ್ಲಿ ಹಳೆಯ ಸಿನಿಮಾ ಪತ್ರಿಕೆ, ಪೋಸ್ಟರ್, ಹಾಡಿನ ಪುಸ್ತಕಗಳಿವೆ. ಪ್ರವೇಶದ ನಿಯಮ ಫೋನಿನಲ್ಲಿ ಕೇಳಿಕೊಂಡೇ ಹೋಗಿ. ನಟಿಯ ಹೆಸರಿನ ಜೊತೆ ಎರಡು ಮೂರು ಚಿತ್ರಗಳ ಹೆಸರು, ಇಸವಿ ಬರೆದುಕೊಂಡಿರಿ. ಬರೀ ಹೆಸರು ಹೇಳಿದರೆ ಹುಡುಕುವುದು ತಡವಾಗುತ್ತದೆ. ಗಾಸಿಪ್ ಅಂಕಣ ಓದುವ ಮುಂಚೆ ಹಾಡಿನ ಪುಸ್ತಕದಲ್ಲಿ ತಾರಾಗಣದ ಪಟ್ಟಿ ನೋಡಿ. ಆಕೆಯ ಹೆಸರು ಕೆಳಗಿನ ಸಾಲಿನಿಂದ ಯಾವ ವರ್ಷ ಮೇಲಕ್ಕೆ ಬಂತೆಂಬುದು ಅಲ್ಲೇ ಸಿಗುತ್ತದೆ.