ಓದುಗರ ಪ್ರಶ್ನೆ: ನಾಲ್ಕು ಲಕ್ಷದಲ್ಲಿ ಗೇಮಿಂಗ್ ಕೆಫೆ ಆದೀತೆ?

ಪ್ರಶ್ನೆ: ಹಾಸನದಲ್ಲಿ ಎಂಜಿನಿಯರಿಂಗ್ ಕಾಲೇಜೊಂದರ ಸಮೀಪ ನಮ್ಮ ತಂದೆಯವರ ಹೆಸರಿನಲ್ಲಿ 14 ಅಡಿ ಅಗಲ, 18 ಅಡಿ ಉದ್ದದ ಮಳಿಗೆಯಿದೆ. ಅಲ್ಲಿ ಗೆಳೆಯರು ಒಟ್ಟಿಗೆ ಕುಳಿತು ಆಡುವಂತಹ ಗೇಮಿಂಗ್ ಕೆಫೆ ತೆರೆಯಬೇಕೆಂದಿದ್ದೇನೆ. ಕೈಯಲ್ಲಿರುವುದು 4 ಲಕ್ಷ ರೂಪಾಯಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕಂಪನಿಗಳು ಬಳಸಿ ಬಿಟ್ಟ ಕಂಪ್ಯೂಟರುಗಳು ಅಗ್ಗಕ್ಕೆ ಸಿಗುತ್ತವಂತೆ. ಅಂತಹ ಹತ್ತನ್ನು ಕೊಳ್ಳಬಹುದೆ? ಯಾವ ಪರವಾನಗಿಗಳು ಬೇಕು? ಪ್ರವೇಶ ಶುಲ್ಕ ಪಡೆದು ಪಂದ್ಯಾವಳಿ ನಡೆಸಿ, ಗೆದ್ದವರಿಗೆ ನಗದು ಬಹುಮಾನ ಕೊಡಬಹುದೆ?
– ಓದುಗರೊಬ್ಬರು, ಹಾಸನ

ಉತ್ತರ: ಹತ್ತು ಬೇಡ, ಆರರಿಂದ ಆರಂಭಿಸಿ. ವ್ಯಾಲರಂಟ್, ಕೌಂಟರ್ ಸ್ಟ್ರೈಕ್ 2, ಡೋಟಾ 2 ಈ ಮೂರೂ ಐದೈದು ಮಂದಿಯ ತಂಡಗಳು ಆಡುವ ಆಟಗಳು, ಮೂರೂ ಉಚಿತ. ಆದ್ದರಿಂದ ನಿಮ್ಮಲ್ಲಿಗೆ ಬರುವುದು ಒಬ್ಬೊಬ್ಬ ಗಿರಾಕಿಯಲ್ಲ, ಐವರ ಗುಂಪು. ನಾಲ್ಕೇ ಯಂತ್ರಗಳಿದ್ದರೆ ಆ ಗುಂಪು ಬಾಗಿಲಿನಿಂದಲೇ ಹಿಂದಿರುಗುತ್ತದೆ. ಆರನೆಯದು ಒಂಟಿಯಾಗಿ ಬಂದವರಿಗೂ, ಒಂದು ಯಂತ್ರ ಕೆಟ್ಟ ದಿನಕ್ಕೂ ಇರಲಿ. ಬಿಜಿಎಂಐ, ಫ್ರೀ ಫೈರ್‌ಗಳನ್ನು ಹುಡುಗರು ಹಾಸ್ಟೆಲ್ಲಿನಲ್ಲೇ ಮೊಬೈಲಿನಲ್ಲಿ ಆಡಿಕೊಳ್ಳುವುದರಿಂದ ಅವನ್ನು ನಂಬಿ ಅಂಗಡಿ ತೆರೆಯುವುದು ವ್ಯರ್ಥ.

ಹಳೆಯ ಕಂಪ್ಯೂಟರುಗಳ ವಿಷಯದಲ್ಲಿ ಮೋಸ ಹೋಗುವವರೇ ಹೆಚ್ಚು, ಹಾಗಾಗಿ ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಅಧಿಕೃತವಾಗಿ ನಡೆಯಲು ಇಂಟೆಲ್‌ನಲ್ಲಿ ಸಾಮಾನ್ಯವಾಗಿ ಎಂಟನೇ ತಲೆಮಾರು ಅಥವಾ ಅದರ ನಂತರದ ಪ್ರೊಸೆಸರ್ ಬೇಕು. ಕಂಪನಿಗಳು ಹೊರಹಾಕುವ ಅಗ್ಗದ ಮಾಲಿನಲ್ಲಿ ನಾಲ್ಕು, ಆರನೇ ತಲೆಮಾರಿನವೇ ತುಂಬಿರುತ್ತವೆ. ಅಂಗಡಿಯವರು ಏನೋ ಉಪಾಯ ಮಾಡಿ ಅವಕ್ಕೂ ವಿಂಡೋಸ್ 11 ಹಾಕಿಕೊಡುತ್ತಾರೆ, ನಿಜ. ಆದರೆ ವ್ಯಾಲರಂಟ್ ಜೊತೆಗೆ ಬರುವ ವ್ಯಾನ್‌ಗಾರ್ಡ್ ಎಂಬ, ಮೋಸದಾಟ ತಡೆಯುವ ಕಾವಲು ತಂತ್ರಾಂಶವು ವಿಂಡೋಸ್ 11ರಲ್ಲಿ ಟಿಪಿಎಂ 2.0 (ಯಂತ್ರದೊಳಗಿನ ಭದ್ರತಾ ವ್ಯವಸ್ಥೆ) ಮತ್ತು ಸೆಕ್ಯೂರ್ ಬೂಟ್ (ನಂಬಲರ್ಹ ತಂತ್ರಾಂಶದಿಂದಲೇ ಯಂತ್ರ ಶುರುವಾಗುವಂತೆ ನೋಡುವ ಏರ್ಪಾಡು) ಎರಡೂ ಚಾಲೂ ಇವೆಯೇ ಎಂದು ನೋಡುತ್ತದೆ, ಇಲ್ಲದಿದ್ದರೆ ಆಟವನ್ನೇ ತೆರೆಯಗೊಡುವುದಿಲ್ಲ. ಹಣ ಎಣಿಸುವ ಮುನ್ನ ಪ್ರತಿಯೊಂದು ಯಂತ್ರದಲ್ಲೂ ವಿಂಡೋಸ್‌ನಲ್ಲೇ ಇರುವ ಟಿಪಿಎಂ.ಎಂಎಸ್‌ಸಿ (tpm.msc) ಎಂಬ ಸಾಧನವನ್ನು ತೆರೆದು ಆವೃತ್ತಿ 2.0 ಎಂದಿದೆಯೇ ಎಂದು ಕಣ್ಣಾರೆ ನೋಡಿ.

ಇನ್ನೊಂದು ತೊಡಕು ಪೆಟ್ಟಿಗೆಯದು. ಕಚೇರಿ ಕಂಪ್ಯೂಟರುಗಳಲ್ಲಿ ಹಲವು ತೆಳು ಪೆಟ್ಟಿಗೆಯವು. ಆಟದ ಚಿತ್ರಗಳನ್ನು ಮೂಡಿಸುವ ಪೂರ್ಣ ಎತ್ತರದ ಗ್ರಾಫಿಕ್ಸ್ ಕಾರ್ಡ್ ಅದರಲ್ಲಿ ಕೂರುವುದಿಲ್ಲ, ಪವರ್ ಸಪ್ಲೈ ಕೂಡ ಆ ಕಂಪನಿಯದೇ ಅಳತೆಯದಾದ್ದರಿಂದ ಬದಲಿಸಲಾಗದು. ಟವರ್ ಮಾದರಿಯನ್ನೇ ಆರಿಸಿ, ಬೇರೆ ಪವರ್ ವಯರ್ ಬೇಡದ, 75 ವ್ಯಾಟ್‌ನೊಳಗಿನ ಜಿಟಿಎಕ್ಸ್ 1650 ಕಾರ್ಡ್ ಹಾಕಿಸಿ. ಅದೇ 1650ರಲ್ಲಿ ಆರು ಪಿನ್ನಿನ ವಯರ್ ಬೇಡುವ ಮಾದರಿಗಳೂ ಇರುವುದರಿಂದ ಕಾರ್ಡಿನ ಅಂಚನ್ನು ನೋಡಿಯೇ ಕೊಳ್ಳಬೇಕು. ವ್ಯಾಲರಂಟ್ ಸೆಕೆಂಡಿಗೆ 144 ಫ್ರೇಮುಗಳಲ್ಲಿ ಓಡಲು ಅದರ ತಯಾರಕರು ಸೂಚಿಸುವುದು ಜಿಟಿಎಕ್ಸ್ 1050 ಟಿಐ ಮಾತ್ರ. ನಿಮ್ಮ ಕಾರ್ಡ್ ಅದಕ್ಕಿಂತ ಒಂದು ಮೆಟ್ಟಿಲು ಮೇಲಿನದು. 16 ಜಿಬಿ ರ್‍ಯಾಮ್ ಇರುವ ಯಂತ್ರವನ್ನೇ ಕೇಳಿ, ಏಕೆಂದರೆ 2025ರ ಕೊನೆಯ ತಿಂಗಳುಗಳಿಂದ ರ್‍ಯಾಮ್ ಬೆಲೆ ಹೇಗೆ ಏರಿದೆಯೆಂದರೆ ಆಮೇಲೆ ಸೇರಿಸುತ್ತೇನೆ ಎನ್ನುವವರು ಕೈಸುಟ್ಟುಕೊಳ್ಳುತ್ತಾರೆ. ಮಾನಿಟರ್ ಮಾತ್ರ ಹೊಸತಿರಲಿ, ಸೆಕೆಂಡಿಗೆ ಅಷ್ಟೂ ಫ್ರೇಮು, ಅಂದರೆ ಚಿತ್ರ, ತೋರಿಸಬಲ್ಲ 144 ಹರ್ಟ್ಸ್‌ನದಾಗಿರಲಿ. ಗಿರಾಕಿ ಮೊದಲು ಗಮನಿಸುವುದು ಅದನ್ನೇ.

ಇಷ್ಟಕ್ಕೆ ಎರಡೂವರೆ ಲಕ್ಷ ದಾಟದಂತೆ ನೋಡಿಕೊಳ್ಳಿ. ಉಳಿದದ್ದು ವಿದ್ಯುತ್ತು, ಎ.ಸಿ., ಕೇಬಲ್ಲುಗಳಿಗೆ ಬೇಕು. ಮಳಿಗೆಗೆ ವಾಣಿಜ್ಯ ಸಂಪರ್ಕ ಇದೆಯೇ, ಮಂಜೂರಾದ ಲೋಡ್ ಎಷ್ಟು ಎಂಬುದನ್ನು ವಿದ್ಯುತ್ ಕಂಪನಿ ಸೆಸ್ಕ್‌ನ ಕಚೇರಿಯಲ್ಲಿ ಮೊದಲೇ ವಿಚಾರಿಸಿ. ಮೂರು ಯಂತ್ರಗಳಿಗೊಂದು ಪ್ರತ್ಯೇಕ ಲೈನ್, ಹೊಸ ಅರ್ಥಿಂಗ್, ಪ್ರತಿ ಯಂತ್ರಕ್ಕೂ ಚಿಕ್ಕದೊಂದು ಯುಪಿಎಸ್ ಇರಲೇಬೇಕು. ಪಂದ್ಯದ ನಡುವೆ ಕರೆಂಟು ಹೋಗಿ ಗಿರಾಕಿಯ ರ‍್ಯಾಂಕ್ ಇಳಿದರೆ ಅವನು ಮತ್ತೆ ಬರುವುದಿಲ್ಲ. ವೈಫೈಯನ್ನು ಮರೆತುಬಿಡಿ. ಗಿಗಾಬಿಟ್ ಸ್ವಿಚ್ಚಿನಿಂದ ಪ್ರತಿ ಯಂತ್ರಕ್ಕೂ ಕ್ಯಾಟ್ 6 ಕೇಬಲ್ ಎಳೆಸಿ, ಮುಂದೆ ಸೇರಿಸಲಿರುವ ನಾಲ್ಕಕ್ಕೂ ಈಗಲೇ ಎಳೆಸಿಡಿ. ಆಟಕ್ಕೆ ಬೇಕಾದ ಡೇಟಾ ಕಡಿಮೆ, ಬೇಕಾದದ್ದು ಏರಿಳಿತವಿಲ್ಲದ ಪಿಂಗ್ (ಸಂದೇಶ ಆಟದ ಸರ್ವರಿಗೆ ಹೋಗಿ ಬರುವ ಸಮಯ); ಹಾಗಾಗಿ ಬೇರೆ ಬೇರೆ ಕಂಪನಿಗಳ ಎರಡು ಸಾಧಾರಣ ಫೈಬರ್ ಸಂಪರ್ಕಗಳು ಒಂದು ದುಬಾರಿ ಸಂಪರ್ಕಕ್ಕಿಂತ ಮೇಲು. ಡೇಟಾ ತಿನ್ನುವುದು ಆಟಗಳ ಅಪ್‌ಡೇಟುಗಳು. ಕೌಂಟರ್ ಸ್ಟ್ರೈಕ್ 2 ಒಂದಕ್ಕೇ ಸುಮಾರು 85 ಜಿಬಿ ಜಾಗ ಬೇಕು. ಆಟಗಳನ್ನು ಮಾರುವ, ಇಳಿಸಿಕೊಡುವ ಸ್ಟೀಮ್ ತಾಣದಲ್ಲಿ ಒಂದು ಯಂತ್ರಕ್ಕೆ ಇಳಿಸಿದ ಆಟವನ್ನು ಉಳಿದವು ಒಳಗಿನ ಜಾಲದ ಮೂಲಕವೇ ಪಡೆಯುವ ಸೌಲಭ್ಯ 2023ರಿಂದ ಇದೆ, ಅದನ್ನು ಚಾಲೂ ಮಾಡಿಕೊಳ್ಳಿ. ಕೆಫೆಗಳಿಗಾಗಿ ಸ್ಟೀಮ್ ಪ್ರತ್ಯೇಕ ಯೋಜನೆಯನ್ನೂ ನಡೆಸುತ್ತದೆ, ನೋಂದಾಯಿಸಿಕೊಳ್ಳಿ. ನಿಮ್ಮ ಸ್ವಂತ ಖಾತೆಯಲ್ಲಿ ಕೊಂಡ ಆಟವನ್ನು ಗಿರಾಕಿಗಳಿಗೆ ಬಾಡಿಗೆಗೆ ಕೊಡುವುದು ಸರಿಯಲ್ಲ.

ಗಂಟೆಗೆ 50 ರೂಪಾಯಿಯಂತೆ ಆರು ಯಂತ್ರಗಳು ದಿನಕ್ಕೆ ಐದು ಗಂಟೆ ತುಂಬಿದರೆ 1,500 ರೂಪಾಯಿ, 26 ದಿನಕ್ಕೆ 39,000. ಎ.ಸಿ. ಸೇರಿ ಸುಮಾರು 600 ಯೂನಿಟ್ ವಿದ್ಯುತ್ತು, ಯೂನಿಟ್ಟಿಗೆ 8 ರೂಪಾಯಿ ಹಿಡಿದರೆ 4,800, ಇಂಟರ್‌ನೆಟ್ಟಿಗೆ 2,000, ರಿಪೇರಿಗೆಂದು 4,000 ತೆಗೆದಿಡಿ. ಬಾಡಿಗೆ ಇಲ್ಲದಿರುವುದೇ ನಿಮ್ಮ ದೊಡ್ಡ ಬಲ. ಆದರೆ ಪರೀಕ್ಷೆಯ ವಾರಗಳಲ್ಲೂ ಸೆಮಿಸ್ಟರ್ ರಜೆಯಲ್ಲೂ ಕುರ್ಚಿಗಳು ಖಾಲಿ ಹೊಡೆಯುತ್ತವೆ. ಎರಡು ತಿಂಗಳ ಖರ್ಚನ್ನು ಮುಟ್ಟದೆ ಬ್ಯಾಂಕಿನಲ್ಲಿಡಿ. ಕೊರತೆ ಬಿದ್ದರೆ ಮುದ್ರಾ ಯೋಜನೆಯ ಕಿಶೋರ ವರ್ಗದಲ್ಲಿ 50,000ದಿಂದ 5 ಲಕ್ಷದವರೆಗೆ ಸಾಲ ಕೇಳಬಹುದು.

ನಗರಾಡಳಿತದ ಉದ್ದಿಮೆ ಪರವಾನಗಿ ಮತ್ತು 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಬೇಕು. ಬೋರ್ಡಿನ ಮೇಲೆ ಗೇಮಿಂಗ್ ಎಂದು ಬರೆಸಿದರೂ ಸಾರ್ವಜನಿಕರಿಗೆ ಇಂಟರ್‌ನೆಟ್ ಒದಗಿಸುವ ನಿಮ್ಮ ಮಳಿಗೆ ಕಾನೂನಿನ ಕಣ್ಣಿಗೆ ಸೈಬರ್ ಕೆಫೆಯೇ ಆಗಿದ್ದು, 2011ರ ಸೈಬರ್ ಕೆಫೆ ನಿಯಮಗಳು ಅನ್ವಯಿಸುತ್ತವೆ: ಕೆಫೆಯನ್ನು ನೋಂದಾಯಿಸಬೇಕು, ಗಿರಾಕಿಯ ಗುರುತಿನ ಚೀಟಿ ನೋಡಬೇಕು, ಬಳಕೆಯ ದಾಖಲೆಯನ್ನು ಕನಿಷ್ಠ ಒಂದು ವರ್ಷ ಕಾಯ್ದಿಡಬೇಕು, ನಡುವಿನ ತಡಿಕೆ ನಾಲ್ಕೂವರೆ ಅಡಿ ಮೀರಬಾರದು. ಗುರುತಿನ ಚೀಟಿ ಇಲ್ಲದ ಅಪ್ರಾಪ್ತ ಮಕ್ಕಳು ದೊಡ್ಡವರೊಂದಿಗೇ ಬರಬೇಕು. ಶಾಲೆಯ ಸಮವಸ್ತ್ರದಲ್ಲಿ ಬಂದವರನ್ನು ನಿಯಮ ಏನೇ ಹೇಳಲಿ, ಹಿಂದಕ್ಕೆ ಕಳುಹಿಸಿ. ಊರಿನಲ್ಲಿ ಒಂದು ಸಲ ಕೆಟ್ಟ ಹೆಸರು ಬಂದರೆ ಅಲ್ಲಿಗೆ ಮುಗಿಯಿತು.

ಇನ್ನು ಪಂದ್ಯಾವಳಿ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳ ವಿರುದ್ಧ ಕರ್ನಾಟಕ 2021ರಲ್ಲಿ ಮಾಡಿದ್ದ ತಿದ್ದುಪಡಿಯ ಮುಖ್ಯ ಭಾಗಗಳನ್ನು 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ರದ್ದುಪಡಿಸಿತು. ಅದನ್ನೇ ಹೇಳಿ ಯಾರಾದರೂ ನಿಮಗೆ ಧೈರ್ಯ ತುಂಬಿದರೆ ನಂಬಬೇಡಿ, ಏಕೆಂದರೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆಯು ಹಣದ ಆಟ ಒದಗಿಸುವವರಿಗೆ ಮೂರು ವರ್ಷದವರೆಗೆ ಜೈಲು ಅಥವಾ ಒಂದು ಕೋಟಿ ರೂಪಾಯಿವರೆಗೆ ದಂಡ, ಇಲ್ಲವೆ ಎರಡನ್ನೂ ವಿಧಿಸುತ್ತದೆ. ಇ-ಸ್ಪೋರ್ಟ್ಸ್‌ಗೆ ಅದರಲ್ಲಿ ವಿನಾಯಿತಿಯಿದೆ, ಆದರೆ ಅದು ಮಾನ್ಯತೆ ಮತ್ತು ನೋಂದಣಿ ಪಡೆದ ಸ್ಪರ್ಧೆಗಳಿಗೆ. ಆಡುವವರಿಂದ ತಲಾ ನೂರು ರೂಪಾಯಿ ಕೂಡಿಸಿ ಗೆದ್ದವರಿಗೆ ಹಂಚುವ ಯೋಚನೆಯನ್ನು ಕೈಬಿಡಿ. ಮಾಮೂಲಿ ಗಂಟೆಯ ದರವನ್ನಷ್ಟೇ ಪಡೆಯಿರಿ. ಬಹುಮಾನವಾಗಿ ಉಚಿತ ಗಂಟೆಗಳನ್ನೋ ಪಕ್ಕದ ಮೊಬೈಲ್ ಅಂಗಡಿಯವರು ಪ್ರಾಯೋಜಿಸುವ ಹೆಡ್‌ಸೆಟ್ಟನ್ನೋ ಇಡಿ. ಐದೈದು ಮಂದಿಯ ಪಂದ್ಯಕ್ಕೆ ಹತ್ತು ಯಂತ್ರಗಳು ಬೇಕಾಗುತ್ತವೆ. ಅಲ್ಲಿಯವರೆಗೆ ಕೌಂಟರ್ ಸ್ಟ್ರೈಕ್ 2ರಲ್ಲಿ ಇಬ್ಬಿಬ್ಬರು ಆಡುವ ವಿಂಗ್‌ಮ್ಯಾನ್ ಪಂದ್ಯಗಳನ್ನು ನಾಲ್ಕು ಯಂತ್ರಗಳಲ್ಲಿ ನಡೆಸಿ, ಉಳಿದೆರಡನ್ನು ಮಾಮೂಲಿ ಗಿರಾಕಿಗಳಿಗೆ ಬಿಡಿ.